ದೊಡ್ಡ ಗದ್ದೆಯ ರಗ್ಬಿ

ರಗ್ಬಿ ಆಡುವ ಹೆಂಗಸು ಎಂದರೆ ನಮ್ಮ ಕಡೆ ಜನ ಈಗಲೂ ಒಂದು ಸಲ ಮೇಲಿಂದ ಕೆಳಗೆ ನೋಡುತ್ತಾರೆ. ನೋಡಲಿ. ಯಸಳೂರಿನ ಹತ್ತಿರ ಒಂದಿಷ್ಟು ಕಾಫಿ ತೋಟ, ಹೈಸ್ಕೂಲಿಗೆ ಹೋಗುವ ಇಬ್ಬರು ಮಕ್ಕಳು, ಒಬ್ಬ ಗಂಡ, ಒಬ್ಬರು ಅತ್ತೆ, ಮೊಣಕೈ ಮೇಲೆ ದೊಡ್ಡದೊಂದು ಗಾಯದ ಕಲೆ. ಇಷ್ಟು ನನ್ನ ಆಸ್ತಿ. ಕೊನೆಯದನ್ನು ಮಾತ್ರ ನಾನೇ ಸಂಪಾದಿಸಿದ್ದು, ಹಾಗಾಗಿ ಬಂದವರಿಗೆಲ್ಲ ತೋರಿಸುತ್ತೇನೆ.

ಈ ಹುಚ್ಚು ಹತ್ತಿಸಿದವರು ಮಕ್ಕಳ ಶಾಲೆಯ ಪಿ.ಟಿ. ಟೀಚರ್. ಪಾಳ್ಯದ ಕಡೆಯ ರೈತರ ಮನೆ ಹುಡುಗಿ, ಕಾಲೇಜಿನಲ್ಲಿ ರಗ್ಬಿ ಆಡಿದವರು. ಶಾಲೆಯ ಅಂಗೈಯಗಲದ ಮೈದಾನದಲ್ಲಿ ಅವರು ಮಕ್ಕಳಿಗೆ ಆ ಮೊಟ್ಟೆಯಾಕಾರದ ಚೆಂಡು ಹಿಡಿಯುವುದನ್ನು ಕಲಿಸುತ್ತಿದ್ದರೆ ನಾವು ತಾಯಂದಿರು ಬೇಲಿ ಪಕ್ಕ ನಿಂತು ಕಿಸಿಕಿಸಿ ನಗುತ್ತಿದ್ದೆವು. ನಗುವುದಾದರೆ ಒಳಗೆ ಬಂದು ನಗಿ ಅಂದರು. ನನಗೋ ಮೂಗಿನ ತುದಿಯಲ್ಲೇ ಕೋಪ. ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದೆ, ಚೆಂಡು ಹಿಡಿದು ಓಡಿದೆ, ಧೊಪ್ಪನೆ ಬಿದ್ದೆ. ಏಳುವಾಗ ಇಷ್ಟು ಖುಷಿ ಯಾವಾಗ ಪಟ್ಟಿದ್ದೆ ಎಂದು ನೆನಪು ಮಾಡಿಕೊಂಡರೆ ಒಂದೂ ನೆನಪಾಗಲಿಲ್ಲ.

ವಾರದೊಳಗೆ ಏಳು ಜನ ಆದೆವು. ಏಳು ಜನರ ರಗ್ಬಿಗೆ ಅಷ್ಟೇ ಸಾಕು. ನಮ್ಮಲ್ಲಿ ಓಟಗಾತಿ ಎಂದರೆ ಆನೇಮಹಲಿನಲ್ಲಿ ರಸ್ತೆ ಪಕ್ಕ ಬೇಕರಿ ಇಟ್ಟುಕೊಂಡಿದ್ದವಳು. ಧರ್ಮಸ್ಥಳದ ಬಸ್ಸು ನಿಂತು ಹೊರಡುವುದರೊಳಗೆ ಕಿಟಕಿ ಕಿಟಕಿಗೂ ಓಡಿ ಬನ್ನು ಮಾರಿ ಕಾಲು ಹದವಾಗಿತ್ತು. ಉಳಿದವರು ನನ್ನಂತೆ ತೋಟದವರು, ಗಟ್ಟಿ ಇದ್ದೆವು, ಓಟ ಅಷ್ಟಕ್ಕಷ್ಟೆ.

ಜಾಗ ಎಲ್ಲಿ? ನಮ್ಮ ಗುಡ್ಡಗಳಲ್ಲಿ ಸಮತಟ್ಟು ಎಂದರೆ ಗದ್ದೆ, ಇಲ್ಲವೇ ಕಾಫಿ ಒಣಗಿಸುವ ಕಣ. ಅತ್ತೆಯ ಹೆಸರಿನಲ್ಲಿ ಕಣದ ಪಕ್ಕವೇ ಒಂದು ದೊಡ್ಡ ಗದ್ದೆ ಇದೆ. ಭತ್ತ ಕೊಯ್ದ ಮೇಲೆ ಖಾಲಿ ಬಿದ್ದಿರುತ್ತದೆ. ಆದರೆ ಅತ್ತೆಯನ್ನು ಕೇಳುವುದು ಹುಲಿಯ ಹಾಲು ಕರೆದ ಹಾಗೆ. ನಾನು ಮದುವೆಯಾಗಿ ಈ ಮನೆಯ ಹೊಸ್ತಿಲಲ್ಲಿ ನಿಂತಿದ್ದಾಗ ಹನಿ ಬಿತ್ತೆಂದು ಆರತಿ ತಟ್ಟೆಯನ್ನು ಯಾರದೋ ಕೈಗೆ ಕೊಟ್ಟು ಕಣಕ್ಕೆ ಓಡಿದ ಹೆಂಗಸು ಅವರು. ಕಾಫಿ ರಾಶಿ ಮಾಡಿ ಮುಚ್ಚಿಟ್ಟು ಬಂದು ಆಮೇಲೆ ಸೊಸೆಯ ಮುಖ ನೋಡಿದರು. ಆ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿಲ್ಲ.

ಕೇಳಿದೆ. ಆ ಗದ್ದೆಗೆ ಶುಂಠಿ ಹಾಕುವವನೊಬ್ಬ ಗುತ್ತಿಗೆ ಕೇಳಿಕೊಂಡು ಆಗಲೇ ಎರಡು ಸಲ ಬಂದು ಹೋಗಿದ್ದ. ಅತ್ತೆ ಜಗಿಯುತ್ತಿದ್ದ ಎಲೆಯಡಿಕೆ ಉಗಿದು ಬಾಯಿ ಒರೆಸಿಕೊಂಡರು.

"ಶಿವರಾತ್ರಿ ಒಳ್ಗೆ ಒಂದೇ ಒಂದು ಆಟ ಗೆದ್ದು ತೋರ್ಸಿ. ಗೆದ್ರೆ ಗದ್ದೆ ನಿಮ್ದು. ಇಲ್ದಿದ್ರೆ ಶುಂಠಿಗೆ ಕೊಟ್ಬುಡ್ತೀನಿ, ಆಮೇಲೆ ಅಳ್ಬಾರ್ದು."

ಗದ್ದೆ ಹೋದರೆ ನಮ್ಮ ತಂಡವೂ ಹೋದ ಹಾಗೇ. ಬೇರೆ ಜಾಗವೇ ಇರಲಿಲ್ಲ.

ಹಿಡಿದೆವು ನೋಡಿ ಅಭ್ಯಾಸ! ಕಾಫಿ ಕೊಯ್ಲಿನ ದಿನಗಳು, ಬೆಳಗಿಂದ ಹಣ್ಣು ಬಿಡಿಸಿ ಬೆರಳು ಅಂಟಂಟು. ಆದರೂ ಸಂಜೆ ಬಿಸಿಲು ಇರುವಾಗಲೇ ಗದ್ದೆಗೆ ಓಡಿ ಬರುತ್ತಿದ್ದೆವು. ಎರಡು ಬದಿಗೂ ಸಿಲ್ವರ್ ಓಕ್ ಕಂಬ ನೆಟ್ಟು ಅಡ್ಡಕ್ಕೆ ಬಿದಿರು ಕಟ್ಟಿದೆವು. ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆಂದು ತಂದ ಸುಣ್ಣದಲ್ಲಿ ಗೆರೆ ಎಳೆದೆವು. ಭತ್ತದ ಕೂಳೆ ಮೊಣಕಾಲು ತರಚಿ ರಾತ್ರಿ ಸ್ನಾನದ ನೀರು ಬಿದ್ದರೆ ಚುರ್ ಅನ್ನುತ್ತಿತ್ತು. ಎಲ್ಲಕ್ಕಿಂತ ಕಷ್ಟ ಎಂದರೆ ಚೆಂಡನ್ನು ಹಿಂದಕ್ಕೆ ಮಾತ್ರ ಎಸೆಯಬೇಕು ಅನ್ನುವುದು. ಹುಟ್ಟಿದಾಗಿನಿಂದ ಮೂಟೆ, ಬುಟ್ಟಿ, ಬಿಂದಿಗೆ ಎಲ್ಲವನ್ನೂ ಮುಂದಿನವರಿಗೆ ದಾಟಿಸಿಯೇ ಅಭ್ಯಾಸ. ಟೀಚರ್ ಸೀಟಿ ಊದಿ ಊದಿ ಕೆನ್ನೆ ನೋಯಿಸಿಕೊಂಡರು.

ಮಡಿಕೇರಿಯಲ್ಲಿ ಸೋತೆವು. ಮೈಸೂರಿನಲ್ಲಿ ಇನ್ನೂ ಚೆನ್ನಾಗಿ ಸೋತೆವು. ಪಿಕಪ್ ಗಾಡಿಯ ಹಿಂದೆ ಕೂತು ವಾಪಸು ಬರುವಾಗ ಒಬ್ಬರು ಬಿದ್ದ ರೀತಿಯನ್ನು ಇನ್ನೊಬ್ಬರು ಅಣಕಿಸಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಆದರೆ ಮನೆ ಹತ್ತಿರ ಬಂದಂತೆ ಆ ಗದ್ದೆ ಕಾಣುತ್ತಿತ್ತು, ನನಗೆ ನಗು ನಿಂತುಹೋಗುತ್ತಿತ್ತು.

ಉಳಿದದ್ದು ಒಂದೇ ಆಟ. ಶಿವರಾತ್ರಿಗೆ ಮುಂಚಿನ ಭಾನುವಾರ, ನಮ್ಮದೇ ಗದ್ದೆಯಲ್ಲಿ, ಹಾಸನದ ಹುಡುಗಿಯರ ಮೇಲೆ. ಎಲ್ಲರೂ ಕಾಲೇಜಿನವರು, ಒಂದೇ ಬಣ್ಣದ ಬಟ್ಟೆ, ಚಿಗರೆಯಂಥ ಕಾಲು. ನಮ್ಮನ್ನು ಆಂಟಿ ಅಂದರು. ಆಗಲೇ ನನ್ನ ರಕ್ತ ಕುದಿಯಿತು.

ಬದುವಿನ ಮೇಲೆ ಊರೇ ಕೂತಿತ್ತು, ಮಡಿಲಲ್ಲಿ ಮಂಡಕ್ಕಿ. ಕಣದ ತುಂಬ ನಮ್ಮ ರೊಬಸ್ಟಾ ಕಾಫಿ ಹರವಿತ್ತು. ಕೋಳಿ ಓಡಿಸುವ ಕೋಲು ಹಿಡಿದು ಅತ್ತೆ ಅದರ ಪಕ್ಕ ಕೂತಿದ್ದರು. ಕಾಫಿ ಕಾಯಲು ಕೂತಿದ್ದೇನೆಯೇ ಹೊರತು ನಿಮ್ಮ ಕುಣಿತ ನೋಡಲು ಅಲ್ಲ ಎಂದು ಮೊದಲೇ ಹೇಳಿದ್ದರು. ಆದರೆ ಕಾಫಿಗೆ ಬೆನ್ನು, ಗದ್ದೆಗೆ ಮುಖ.

ಮೊದಲರ್ಧದಲ್ಲಿ ನಾನು ಚೆಂಡು ಹಿಡಿದು ನುಗ್ಗಿದೆ. ಇಬ್ಬರು ಸೊಂಟಕ್ಕೆ ಬಿದ್ದು ಕೆಡವಿದರು. ಬೀಳುತ್ತಾ ಬೀಳುತ್ತಾ ಹಿಂದಕ್ಕೆ ಎಸೆದೆ, ಯಾರಿದ್ದಾರೆಂದೂ ನೋಡಲಿಲ್ಲ. ಬೇಕರಿಯವಳಿದ್ದಳು! ಬದುವಿನ ಅಂಚು ಹಿಡಿದು ಅವಳು ಓಡಿದ ಓಟವನ್ನು ನಾನು ನೆಲಕ್ಕೆ ಮುಖ ಒತ್ತಿಕೊಂಡೇ ಜನರ ಕೂಗಿನಲ್ಲಿ ಕೇಳಿಸಿಕೊಂಡೆ. ಎದ್ದು ನೋಡಿದರೆ ಅವಳು ಎದುರು ಗೆರೆಯ ಆಚೆ ಚೆಂಡನ್ನು ನೆಲಕ್ಕೆ ಒತ್ತಿಕೊಂಡು ಕೂಳೆಯಲ್ಲಿ ಬೋರಲು ಬಿದ್ದಿದ್ದಳು. ಹಾಗೆ ಒತ್ತಿದರೆ ಐದು ಅಂಕ. ಆಮೇಲೆ ಕಂಬಗಳ ನಡುವೆ ಒದ್ದರೆ ಇನ್ನೆರಡು. ನಾನು ಒದ್ದೆ, ಕಂಬಕ್ಕೆ ಬಡಿದು ಮಂಡಕ್ಕಿಯ ಮೇಲೆ ಬಿತ್ತು. ಹೋಗಲಿ ಬಿಡಿ, ನಮ್ಮದು ಐದು, ಅವರದು ಸೊನ್ನೆ. ತಂಡ ಕಟ್ಟಿದ ಮೇಲೆ ನಾವು ಪಡೆದ ಮೊದಲ ಅಂಕ!

ಎರಡನೇ ಅರ್ಧ ಪೂರ್ತಿ ಗೋಡೆಯಾಗಿ ನಿಂತೆವು. ಅವರು ಬರುವುದು, ನಾವು ಕೆಡವುವುದು. ಉಸಿರು ಎದೆಯಲ್ಲಿ ನಿಲ್ಲುತ್ತಿರಲಿಲ್ಲ. ಇನ್ನು ಒಂದೇ ನಿಮಿಷ ಎಂದು ಟೀಚರ್ ಬೆರಳು ತೋರಿಸಿದರು. ಚೆಂಡು ಹಾಸನದವರ ಕೈಯಲ್ಲಿತ್ತು, ಗೆರೆ ದೂರವಿತ್ತು. ಗದ್ದೆ ನಮ್ಮದು ಎಂದು ಮನಸ್ಸಿನಲ್ಲೇ ಕುಣಿದೆ.

ಆಗ ಬೆಳಕು ಮಂಕಾಯಿತು. ಕಣದಿಂದ ಅತ್ತೆಯ ಕೂಗು ಬಂತು.

"ಮಳೆ ಬಂತು, ಬನ್ರೇ!"

ನಮ್ಮ ಕಡೆ ಒಂದು ರೂಢಿ. ಕಾಫಿ ಹರವಿದ ದಿನಗಳಲ್ಲಿ ಮೊದಲ ಹನಿ ಕಂಡವರು ಕೂಗಬೇಕು, ಕೇಳಿದವರು ಕೈಯಲ್ಲಿದ್ದದ್ದು ಬಿಟ್ಟು ಓಡಬೇಕು. ಯಾರ ಕಣ ಎಂದು ಕೇಳುವಂತಿಲ್ಲ. ಒಲೆಯ ಮೇಲೆ ಹಾಲಿದ್ದರೂ ಅಷ್ಟೇ. ಕಾಲಿಗೆ ಇದೆಲ್ಲ ಗೊತ್ತು, ತಲೆಯನ್ನು ಕೇಳುವುದಿಲ್ಲ. ಏಳೂ ಜನ ಓಡಿದೆವು, ನಾನೇ ಮುಂದೆ. ಒಂದು ಕಾಳು ಕಾಫಿ ಇಲ್ಲದ ಬೇಕರಿಯವಳು ನನ್ನ ಹಿಂದೆ. ಬದುವಿನ ಮೇಲಿದ್ದ ಊರು ನಮ್ಮ ಹಿಂದೆ. ಹಲಗೆಯಲ್ಲಿ ಎಳೆದು ರಾಶಿ ಮಾಡಿ ಟಾರ್ಪಾಲು ಹಾಕಿದೆವು. ಬೈಯಲು ಅಟ್ಟಿಸಿಕೊಂಡು ಬಂದ ಟೀಚರ್ ಕೂಡ ಸೀಟಿ ಬಾಯಲ್ಲಿಟ್ಟುಕೊಂಡೇ ಟಾರ್ಪಾಲಿನ ಒಂದು ತುದಿ ಎಳೆಯುತ್ತಿದ್ದರು. ಕೊನೆಯ ಕಲ್ಲು ಹೇರಿ ತಿರುಗಿ ನೋಡಿದೆ. ಹಾಸನದ ಹುಡುಗಿಯೊಬ್ಬಳು ಖಾಲಿ ಗದ್ದೆಯಲ್ಲಿ ಆ ಕಡೆ ಈ ಕಡೆ ನೋಡುತ್ತಾ ನಡೆದುಕೊಂಡು ಹೋಗಿ ಕಂಬಗಳ ಮಧ್ಯೆ ಚೆಂಡು ಒತ್ತಿದ್ದಳು. ಐದು. ಆಮೇಲೆ ಒದ್ದಳು. ಏಳು.

ಹಾಸನದಿಂದಲೇ ಬಂದಿದ್ದ ರೆಫರಿ ಆಟ ಮುಗಿಸಿದರು. ಮಳೆ? ನಾಲ್ಕು ಹನಿ. ಮೋಡ ಸುಮ್ಮನೆ ಗುಡ್ಡ ದಾಟಿ ಹೋಯಿತು.

ನಾನು ಕಣದ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ. ನಾಚಿಕೆ ಇಲ್ಲದೆ, ಮಕ್ಕಳ ಎದುರಿಗೇ. ಯಾಕೆ ಓಡಿದ್ರಿ ಆಂಟಿ ಎಂದು ಹಾಸನದ ಹುಡುಗಿ ಬಂದು ಕೇಳಿದಳು. ಮಂಡಕ್ಕಿ ಕೊಟ್ಟು ಕಳಿಸಿದೆ. ನನ್ನ ಅತ್ತೆ ಕೋಲು ಊರಿಕೊಂಡು ಮನೆಯೊಳಗೆ ನಡೆದರು. ಮಾತು ಅಂದರೆ ಮಾತು ಅನ್ನುವ ಜೀವ ಅವರದು, ನಾವು ಸೋತಿದ್ದೆವು. ಗದ್ದೆ ಹೋಯಿತು ಅಂದುಕೊಂಡೇ ಮಲಗಿದೆ.

ಬೆಳಿಗ್ಗೆ ಶುಂಠಿಯವನು ಬಂದ. ನಾನು ಕಣದಲ್ಲಿ ಕಾಫಿ ಹರವುತ್ತಿದ್ದೆ, ತಲೆ ಎತ್ತಲಿಲ್ಲ. ಗದ್ದೆ ಕೊಡುವುದಿಲ್ಲ, ಅದರಲ್ಲಿ ಬೆಳೆ ಇದೆ ಎಂದು ಅತ್ತೆ ಹೇಳಿದ್ದು ಕಿವಿಗೆ ಬಿತ್ತು. ಅವನು ಬದುವಿನ ಮೇಲೆ ನಿಂತು ನೋಡಿದ. ಒಣಗಿದ ಕೂಳೆ, ಸುಣ್ಣದ ಗೆರೆ, ನಾಲ್ಕು ಕಂಬ. ಯಾವ ಬೆಳೆ ಎಂದು ಕೇಳಿದ. ಅತ್ತೆ ಆಗಲೇ ಕಣದ ಕಡೆ ತಿರುಗಿದ್ದರು. ಅವನು ಬೈಕು ತಿರುಗಿಸಿಕೊಂಡು ಹೋದ.

ಅತ್ತೆ ನನ್ನ ಪಕ್ಕ ಬಂದು ಕೂತು ಕಾಫಿಯಲ್ಲಿದ್ದ ಕಡ್ಡಿ ಆರಿಸತೊಡಗಿದರು. ನನ್ನ ಮುಖ ನೋಡದೆಯೇ ಹೇಳಿದರು.

"ಮುಂದಿನ ಸರ್ತಿ ನಾನು ಎಷ್ಟು ಕೂಗುದ್ರೂ ತಿರುಗಿ ನೋಡ್ಬ್ಯಾಡ ಕಣೇ. ಕಾಫಿ ನೆಂದ್ರೆ ನೆನೀಲಿ."