ಹನ್ನೊಂದನೆಯ ಮಿಸ್ತ್ರಿ

ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬ ಮಾತನ್ನು ಎಲ್ಲರೂ ಕೇಳಿದ್ದೇವೆ. ೧೯೯೦ರಲ್ಲಿ ಬ್ಯಾಡಗಿಯ ಶಮಶೇರಸಾಬನ ಗತಿ ಇದರ ತಿರುಗುಮುರುಗು ಆಗಿತ್ತು. ಮಿಲಿಟರಿಯ ಲೆಕ್ಕದಲ್ಲಿ ಅವನಿದ್ದ, ಆಟದಲ್ಲಿರಲಿಲ್ಲ.

ಹದಿಮೂರು ವರ್ಷ ಮಿಲಿಟರಿ ಲಾರಿಗಳನ್ನು ರಿಪೇರಿ ಮಾಡಿದ ಕೈ ಅದು. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ ಕಣ್ಣು ಮುಚ್ಚಿದನೆಂದರೆ ಒಳಗಿನ ಬೇನೆ ಇಂಥದ್ದೇ ಎಂದು ಹೇಳಿಬಿಡುತ್ತಿದ್ದ. ನಾಡಿ ಹಿಡಿಯುವ ವೈದ್ಯರೂ ಅಷ್ಟು ಖಾತ್ರಿಯಾಗಿ ಹೇಳಲಾರರು. ಶ್ರೀಲಂಕಾಕ್ಕೆ ಹೋದ ಪಡೆಗಳೊಂದಿಗೆ ಅವನೂ ಹೋಗಿದ್ದ. ಆ ವರ್ಷದ ಮಾರ್ಚಿನಲ್ಲಿ ಮರಳಿದಾಗ ಬಲಗೈಯ ಐದೂ ಬೆರಳು ಇದ್ದವು, ಆದರೆ ಪಾನಾ ಹಿಡಿದು ನಟ್ಟು ತಿರುಗಿಸುವ ಕಸುವು ಇರಲಿಲ್ಲ. ಜಾಕು ಜಾರಿ ಮಣಿಕಟ್ಟು ಜಜ್ಜಿಹೋಗಿತ್ತು. ಹೊಲಿಗೆ ಮಾಯ್ದಿದ್ದರಿಂದ ನೋಡುವವರಿಗೆ ಏನೂ ಕಾಣುತ್ತಿರಲಿಲ್ಲ. ಅವನ ಸುಬೇದಾರ ಒಳ್ಳೆಯ ಮನುಷ್ಯ. ಪಿಂಚಣಿಗೆ ಇನ್ನೆರಡೇ ವರ್ಷ, ರಜೆಯ ಮೇಲೆ ರಜೆ ಕೊಡುತ್ತೇನೆ, ಬಾಯಿ ಮುಚ್ಚಿಕೊಂಡಿರು ಎಂದು ಹೇಳಿ ಊರಿಗೆ ಕಳಿಸಿದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಉಪಾಯ.

ಲಂಕೆಯಿಂದ ಬಂದ ಅವನ ಪಡೆಯೆಂದರೆ ಸುಗ್ಗಿ ಮುಗಿಸಿದ ಎತ್ತು. ಎಂಜಿನ್‌ಗಳು ಸವೆದಿದ್ದವು, ಮಂದಿ ದಣಿದಿದ್ದರು. ಅದನ್ನು ಮತ್ತೆ ಅಣಿಗೊಳಿಸಲು ಮೇಲಿನವರು ಒಂದು ಯೋಜನೆ ಬರೆದರು. ಗಾಡಿ ರಿಪೇರಿಯ ಹನ್ನೊಂದು ಮಿಸ್ತ್ರಿಗಳು ಆರು ತಿಂಗಳಲ್ಲಿ ಎಲ್ಲ ಗಾಡಿಗಳನ್ನೂ ತಯಾರು ಮಾಡುತ್ತಾರೆ, ಆಮೇಲೆ ಪಡೆಯನ್ನು ಎಲ್ಲಿಗೆ ಬೇಕಾದರೂ ಕಳಿಸಬಹುದು ಎಂದು. ಕಾಗದದ ಮೇಲೆ ಎಲ್ಲವೂ ಚಂದ. ಕಾಗದದ ಮೇಲೆ ಯಾವುದು ಚಂದವಿರುವುದಿಲ್ಲ? ಇದು ಖರೆಯೋ ಬರೀ ಶಾಯಿಯೋ ನೋಡಿಬರಲು ಸರ್ಕಾರ ತನ್ನ ಲೆಕ್ಕಪರಿಶೋಧಕರನ್ನು ಕಳಿಸಿತು. ಅವರಲ್ಲೊಬ್ಬ ಬ್ಯಾಡಗಿ ಸೀಮೆಯದೇ ಆದ ಹೊಸರಿತ್ತಿಯ ಫಕ್ಕೀರೇಶ.

ಈ ಫಕ್ಕೀರೇಶ ಮಹಾ ಹಟಮಾರಿ. ಮಿಸ್ತ್ರಿಗಳನ್ನು ಸಾಲಾಗಿ ನಿಲ್ಲಿಸಿ ತಲೆ ಎಣಿಸಿದ. ಹತ್ತು ಮಂದಿ ಸಿಕ್ಕರು. ಹನ್ನೊಂದನೆಯವನು ಬ್ಯಾಡಗಿಯಲ್ಲಿ ರಜೆಯಲ್ಲಿದ್ದಾನೆ ಎಂದರು. ಬೇರೆ ಸೀಮೆಯವನಾಗಿದ್ದರೆ ರೈಟ್ ಗುರುತು ಹಾಕಿ ಎದ್ದುಹೋಗುತ್ತಿದ್ದ. ಇವನು ದೀಪಾವಳಿಗೆ ಊರಿಗೆ ಬರುವವನು, ಕಡತವನ್ನೂ ಚೀಲದಲ್ಲಿ ಹಾಕಿಕೊಂಡು ಬಂದ.

ಬ್ಯಾಡಗಿಯ ಮನೆಯಲ್ಲಿ ಶಮಶೇರಸಾಬನ ಹೆಂಡತಿ ಮಹಮೂದಾಬೇಗಂ ಮಾತ್ರ ಇದ್ದಳು. ನೌಕರಿಯ ಕಡೆಯವರು ಬಂದರೆಂದು ಹಿಗ್ಗಿ ಚಹಾ ಕೊಟ್ಟು, ಗಂಡ ರಾಣೆಬೆನ್ನೂರಿನಲ್ಲಿ ತನ್ನ ತಮ್ಮ ನಾಸೀರನ ಗ್ಯಾರೇಜಿನಲ್ಲಿದ್ದಾನೆಂದು ಅವಳೇ ಹಾದಿ ಹೇಳಿದಳು.

ಗ್ಯಾರೇಜಿನಲ್ಲಿ ಶಮಶೇರಸಾಬ ಟ್ರ್ಯಾಕ್ಟರೊಂದಕ್ಕೆ ಕಿವಿಗೊಟ್ಟು ನಿಂತಿದ್ದ. ಅವನು ಹೇಳುತ್ತಿದ್ದ, ನಾಸೀರ ಬಿಚ್ಚುತ್ತಿದ್ದ. ಬಂದವನು ಯಾರೆಂದು ತಿಳಿದಾಗ ಶಮಶೇರಸಾಬನ ಬಲಗೈ ತಾನಾಗಿ ಕಿಸೆಗೆ ಹೋಯಿತು. ಫಕ್ಕೀರೇಶ ಅದನ್ನು ಗಮನಿಸಿದ. ಒಂದು ನಟ್ಟು ನೀವೇ ಬಿಚ್ಚಿ ತೋರಿಸಿ, ನಾನು ಬರೆದುಕೊಂಡು ಹೋಗುತ್ತೇನೆ ಎಂದ.

ಒಂದೇ ನಟ್ಟು. ಇಂಥ ದಿನಕ್ಕೆಂದೇ ಶಮಶೇರಸಾಬ ಒಂದು ಪಟ್ಟು ಕಲಿತಿಟ್ಟಿದ್ದ. ಪಾನಾವನ್ನು ನಟ್ಟಿಗೆ ಸಿಕ್ಕಿಸಿ, ಹಿಡಿದಂತೆ ಬೆರಳು ಮಡಚಿ, ಮೊಣಕೈಯ ಭಾರವನ್ನೆಲ್ಲ ಅದರ ಮೇಲೆ ಬಿಟ್ಟ. ನಟ್ಟು ಕಿರ್ ಎಂದು ಸಡಿಲಾಯಿತು. ಫಕ್ಕೀರೇಶ ಕಡತ ತೆರೆದು ಪೆನ್ನು ತೆಗೆದ.

"ತಡೀರಿ ಸಾಹೇಬ್ರ," ಎಂದ ಶಮಶೇರಸಾಬ. "ಒಂದ ನಟ್ಟ ಬಿಚ್ಚತೇನಿ. ಎರಡನೇದು ಆಗೂದಿಲ್ಲ. ಹತ್ತ ಮಂದಿ ಅಂತ ಬರೀರಿ."

ಫಕ್ಕೀರೇಶನ ಪೆನ್ನು ನಿಂತಿತು. ಅವನೇನು ಕಲ್ಲಲ್ಲ. "ಬರದ್ರ ನೌಕರಿ ಹೋಗ್ತದ, ಸಾಬ್ರ."

"ಗೊತ್ತೈತ್ರಿ. ಅದಕ್ಕ ಇಷ್ಟ ದಿನಾ ಸುಮ್ಮನಿದ್ದೆ." ಅವನು ಪಾನಾವನ್ನು ಟ್ರ್ಯಾಕ್ಟರಿನ ಮೇಲಿಟ್ಟ. "ಲಂಕಾದಾಗ ನಮ್ಮ ಲಾರಿ ಕೆಟ್ಟ ನಿಂತಾಗ ಹಿಂದ ಇನ್ನಿಬ್ರು ಮಿಸ್ತ್ರಿ ಬರಾಕತ್ತಾರ ಅಂತ ಕಾಗದದಾಗ ಇತ್ತರಿ. ಹೊಳ್ಳಿ ನೋಡಿದ್ರ ಯಾರೂ ಇಲ್ಲ. ಲಾರ್ಯಾಗ ಗಾಯ ಆದವರು ಮೂರ ಮಂದಿ. ಈ ಕೈ ಜಜ್ಜಿಸಿಕೊಂಡು ನಾ ಒಬ್ಬನ ರಿಪೇರಿ ಮುಗಸೂದ್ರಾಗ ಇಬ್ಬರ ಉಳದಿದ್ರು. ಈಗ ಆ ಕಾಗದದಾಗಿನ ಮಿಸ್ತ್ರಿ ನಾನ ಆಗೇನಿ."

ಸಿಕ್ಕಿಬಿದ್ದ ಮೇಲೆ ಖರೆ ಹೇಳುವವರು ಊರ ತುಂಬ ಸಿಗುತ್ತಾರೆ. ಪಾರಾದ ಮೇಲೆ ಕರೆದು ಹೇಳಿದವನು ಇವನೊಬ್ಬ. ಇದಕ್ಕೆ ಎದೆಗಾರಿಕೆ ಎನ್ನದೆ ಇನ್ನೇನೆನ್ನಬೇಕು? ಫಕ್ಕೀರೇಶ ಹತ್ತು ಎಂದು ಬರೆದ. ಹಸ್ತಾಕ್ಷರ ಹಾಕಿ ಎದ್ದವನು ವಯಸ್ಸಿನಲ್ಲಿ ಹಿರಿಯನಾದ ಮಿಸ್ತ್ರಿಯ ಕಾಲು ಮುಟ್ಟಿ ನಮಸ್ಕರಿಸಿ ಬಸ್ಸು ಹತ್ತಿದ.

ಆ ಒಂದು ಸಾಲು ಮೇಲಕ್ಕೆ ಹೋಗಿ ಬಹಳ ಮಂದಿಯ ನಿದ್ದೆ ಕೆಡಿಸಿತು. ಉಳಿದ ಪಡೆಗಳಲ್ಲೂ ತಲೆ ಎಣಿಸಿ ಎಂದು ಸರ್ಕಾರ ಹೇಳಿತು, ಆರು ತಿಂಗಳ ಯೋಜನೆ ಒಂದು ವರ್ಷದ್ದಾಯಿತು. ಅಲ್ಲಿಯವರೆಗೆ ಶಮಶೇರಸಾಬನ ಪಡೆಯನ್ನು ಎಲ್ಲಿಗೂ ಕಳಿಸಲಿಲ್ಲ, ದಣಿದವರಿಗೆ ಪಾಳಿಯ ಮೇಲೆ ರಜೆ ಸಿಕ್ಕಿತು. ಶಮಶೇರಸಾಬನನ್ನು ವೈದ್ಯರ ಮಂಡಳಿ ಪರೀಕ್ಷೆ ಮಾಡಿ ಜನವರಿಯಲ್ಲಿ ಮನೆಗೆ ಕಳಿಸಿತು. ಗಾಯದ ಪಿಂಚಣಿಗೆ ಅರ್ಜಿ ಹಾಕಿದ್ದ, ಅದು ಬರುವುದು ಖಾತ್ರಿಯಿರಲಿಲ್ಲ.

ಮಹಮೂದಾಬೇಗಂ ಎಂಟು ದಿನ ಅವನೊಡನೆ ಮಾತು ಬಿಟ್ಟಳು. ತಾನೇ ಚಹಾ ಕೊಟ್ಟು ಹಾದಿ ತೋರಿಸಿದ್ದು ಅವಳನ್ನು ಸುಡುತ್ತಿತ್ತು. ಒಂಬತ್ತನೆಯ ದಿನ ಅವನು ಲಾರಿಯಲ್ಲಿದ್ದ ಮೂವರ ಕತೆಯನ್ನು ಮೊದಲ ಸಲ ಅವಳಿಗೆ ಹೇಳಿದ. ಅವಳು ಕೊನೆಯವರೆಗೂ ಕೇಳಿಸಿಕೊಂಡಳು.

ಮರುದಿನ ನೆರೆಮನೆಯ ಗುಡ್ಡವ್ವ ಕಟ್ಟೆಗೆ ಬಂದು ಕೂತು, ಕೈಗೆ ಬಂದ ತುತ್ತು ಬಾಯಿಗೆ ಬರದಂತೆ ಮಾಡಿಕೊಂಡ ನಿನ್ನ ಗಂಡನಂಥ ಹುಚ್ಚ ಈ ಓಣಿಯಲ್ಲಿಲ್ಲ ಎಂದು ಮರುಗಿದಳು. ಶಮಶೇರಸಾಬ ಒಳಗೆ ಕೂತು ಕೇಳುತ್ತಿದ್ದ.

"ಅವ್ರ ಜಾಗಾಕ್ಕ ಎರಡೂ ಕೈ ಗಟ್ಟಿ ಇರೋ ಹುಡುಗ ಬಂದಾನಂತ, ಗುಡ್ಡವ್ವ," ಎಂದಳು ಮಹಮೂದಾಬೇಗಂ. "ಇನ್ನ ಮ್ಯಾಲೆ ಲಾರಿ ನಿಂತ್ರ ಮೂರನೇದವನೂ ಉಳೀತಾನ."