ಮಾಣಿಕ್ಯಕ್ಕೆ ತಕ್ಕ ಜನ್ಮದಿನ

ಯಾದಗಿರಿಯ ಒಂದು ಬಂಗಾರದ ಅಂಗಡಿಯವರು ಮನೆಮನೆಗೆ ಚೀಟಿ ಹಂಚಿ ಹೋಗಿದ್ದಾರೆ. ನೀವು ಹುಟ್ಟಿದ ತಿಂಗಳು ಯಾವುದು, ಅದಕ್ಕೆ ಒಪ್ಪುವ ಹರಳು ಯಾವುದು ಎಂದು ಹನ್ನೆರಡು ಬಣ್ಣದ ಪಟ್ಟಿ. ಮೊಮ್ಮಗನ ಹೆಂಡತಿ ಸುನೀತಾ ಅದನ್ನು ಹಿಡಿದು ಬಂದು, "ಅಜ್ಜಿ, ನೀವು ಹುಟ್ಟಿದ್ದು ಯಾವಾಗ್ರಿ?" ಎಂದಳು. ಆಧಾರ್ ಕಾರ್ಡಿನಲ್ಲಿ ಜೂನ್ ಒಂದು ಎಂದಿದೆ ಎಂದೆ. ಹಾಗಾದರೆ ಮುತ್ತಂತೆ. ನನ್ನ ಜೊತೆ ಶಾಲೆ ಕಲಿತವರೆಲ್ಲ ಮುತ್ತೇ. ನಮ್ಮ ಮಾಸ್ತರರು ಇಡೀ ವರ್ಗವನ್ನು ಒಂದೇ ದಿನ ಹುಟ್ಟಿಸಿ ಕೈತೊಳೆದುಕೊಂಡಿದ್ದರು.

ನಗಬೇಡಿ. ಹರಳಿಗೆ ತಕ್ಕಂತೆ ಹುಟ್ಟಿದವರನ್ನೂ ನಾನು ಕಂಡಿದ್ದೇನೆ. ಅವರು ನನ್ನ ಮಾವನವರು.

ಏಕೀಕರಣದ ಹೊಸತರಲ್ಲಿ ನಾನು ಬಾಗಲಕೋಟೆ ಕಡೆಯಿಂದ ಶಹಾಪುರಕ್ಕೆ ಸೊಸೆಯಾಗಿ ಬಂದೆ. ಮುಲ್ಕಿ ಪಾಸಾಗಿದ್ದೆ, ಅಂದರೆ ಕನ್ನಡ ಏಳನೇ ಇಯತ್ತೆ. ಮಾವನವರು ತಹಸೀಲ ಕಚೇರಿಯಲ್ಲಿ ಗುಮಾಸ್ತರು. ಆಡುವುದು ಕನ್ನಡ, ಬರೆಯುವುದು ಉರ್ದು. ಕನ್ನಡದಲ್ಲಿ ಸಹಿಯೂ ಬಾರದು. ನಿಜಾಮನ ಕಾಲಕ್ಕೆ ಅಷ್ಟೇ ಸಾಕಿತ್ತು. ಈಗ ಹೈದರಾಬಾದ್ ಹೋಗಿ ಮೈಸೂರು ಬಂದಿತ್ತು. ಕನ್ನಡ ಬಾರದವರನ್ನು ಮನೆಗೆ ಕಳಿಸುತ್ತಾರೆ ಎಂಬ ಸುದ್ದಿ ಹಬ್ಬಿತ್ತು. ಬುದ್ಧಿವಂತರು ಪಾಟಿ ಬಳಪ ಹಿಡಿದರು. ಮಾವನವರು ಉಂಗುರ ಹಿಡಿದರು.

ಅದು ಅವರ ಅಪ್ಪ ಬಿಟ್ಟುಹೋದ ಮಾಣಿಕ್ಯದ ಉಂಗುರ. ಮಾಣಿಕ್ಯ ಸೂರ್ಯನ ಹರಳು, ಧರಿಸಿದವನಿಗೆ ರಾಜರ ಕೃಪೆ ತಪ್ಪದು ಎಂದು ಸುರಪುರದ ಜೋಯಿಸರು ಹೇಳಿದ್ದರು. ಹೈದರಾಬಾದಿನ ಅರಮನೆಯಲ್ಲಿ ಪೆಟ್ಟಿಗೆಗಟ್ಟಲೆ ಇದ್ದ ಹರಳುಗಳು ಒಡೆಯನ ಗಾದಿಯನ್ನೇ ಉಳಿಸಲಿಲ್ಲವಲ್ಲ ಎಂದು ಯಾರೂ ಕೇಳಲಿಲ್ಲ. ಪಕ್ಕದ ಮನೆಯ ಗುಮಾಸ್ತ ಸಾಹೇಬರ ಬೆರಳಲ್ಲಿ ಫಿರೋಜಾ ಎಂಬ ನೀಲಿ ಹರಳು. ಕೇಡು ಬರುವ ಮುನ್ನ ಅದರ ಬಣ್ಣ ಮಾಸುತ್ತದಂತೆ. ಆ ವರ್ಷ ದಿನಾ ಮಾಸುತ್ತಿತ್ತು. "ಸೋಡಾದಾಗ ಕೈ ತೊಳದ್ರ ಮತ್ತೇನಾಗ್ತದ?" ಎನ್ನುತ್ತಿದ್ದರು ಅವರ ಹೆಂಡತಿ.

ಮಾಣಿಕ್ಯಕ್ಕೂ ಒಂದು ತಕರಾರಿತ್ತು. ಸಿಂಹ ಮಾಸದ ಐತವಾರ, ಸೂರ್ಯನ ನಕ್ಷತ್ರದಲ್ಲಿ ಹುಟ್ಟಿದವನಿಗೆ ಮಾತ್ರ ಅದು ಒಲಿಯುತ್ತದೆ, ಉಳಿದವರನ್ನು ಸುಡುತ್ತದೆ. ಮಾವನವರ ಬಳಿ ಇದ್ದದ್ದು ಉರ್ದುವಿನ ಒಂದು ಶಾಲಾ ಚೀಟಿ. ಅದರಲ್ಲಿ ನಿಜಾಮನ ಸರಕಾರದ ಲೆಕ್ಕದಂತೆ ಹುಟ್ಟಿದ ಫಸಲಿ ಸನ್ನು ಬಿಟ್ಟರೆ ತಿಂಗಳಿಲ್ಲ, ದಿನವಿಲ್ಲ. ಜೋಯಿಸರು ಹಳೆಯ ಪಂಚಾಂಗ ಬಿಚ್ಚಿದರು. ಆ ವರ್ಷದಲ್ಲಿ ಅಂಥ ಐತವಾರ ಸಿಗಲಿಲ್ಲ. ಎರಡು ವರ್ಷ ಹಿಂದೆ ಸರಿದರು, ಸಿಕ್ಕಿತು. ಅದನ್ನೇ ಇಂಗ್ಲಿಷ್ ತಾರೀಖು ಮಾಡಿ ಬರೆದುಕೊಟ್ಟರು. ಫಸಲಿ ಬಿಟ್ಟು ಬೇರೆ ಸನ್ನು ತಿಳಿಯದ ಮಾವನವರು ಕಾಗದವನ್ನು ಕಣ್ಣಿಗೊತ್ತಿಕೊಂಡು ಮನೆಗೆ ತಂದರು.

ಅಷ್ಟರಲ್ಲಿ ಕಚೇರಿಯಿಂದ ಹೊಸ ಫಾರ್ಮು ಬಂತು. ಹೆಸರು, ಹುಟ್ಟಿದ ತಾರೀಖು, ಎಲ್ಲ ಕನ್ನಡದಲ್ಲಿ ತುಂಬಬೇಕು. ನನ್ನವರೂ ಉರ್ದು ಶಾಲೆಯವರೇ, ಬರೆಯಬಲ್ಲವಳು ನಾನೊಬ್ಬಳೇ. ಆದರೆ ಸೊಸೆ ಮಾವನ ಎದುರು ಮಾತಾಡುವಂತಿಲ್ಲ. ಮೂರು ಮೊಳ ದೂರ ಕೂತು ಅವರು ಅತ್ತೆಗೆ ಹೇಳುವುದು, ಅತ್ತೆ ನನಗೆ ಹೇಳುವುದು.

"ಆಕಿಗಿ ಹೇಳು, ಅಕ್ಷರ ಗುಂಡಗ ಇರ್ಲಿ."

"ಗುಂಡಗ ಬರೀಬೇಕಂತವ್ವ."

ಶಾಲಾ ಚೀಟಿಯ ಸನ್ನನ್ನು ಓದಿ ಹೇಳಿದರು, ಜೋಯಿಸರ ಕಾಗದ ಮುಂದಿಟ್ಟರು. ಫಸಲಿಗೆ ಐನೂರ ತೊಂಬತ್ತು ಕೂಡಿಸಿದರೆ ಇಂಗ್ಲಿಷ್ ಸನ್ನು ಎಂದು ನನ್ನವರು ಹೇಳಿಕೊಟ್ಟಿದ್ದರು. ಮನಸ್ಸಿನಲ್ಲೇ ಕೂಡಿಸಿದೆ. ಮಾವನವರು ಎರಡು ವರ್ಷ ಹೆಚ್ಚು ಮುದುಕರಾಗುತ್ತಿದ್ದಾರೆ, ನೌಕರಿ ಎರಡು ವರ್ಷ ಮೊದಲೇ ಮುಗಿಯುತ್ತದೆ ಎಂದು ಆಗಲೇ ಗೊತ್ತಾಯಿತು. ಆದರೂ ಜೋಯಿಸರ ತಾರೀಖನ್ನೇ ಗುಂಡಗೆ ಬರೆದೆ.

ಮೈಸೂರಿನಿಂದ ಬಂದ ಸಾಹೇಬರಿಗೆ ಉರ್ದು ಬಾರದು. ನಾನು ಬರೆದದ್ದೇ ಖಾಯಂ ಆಯಿತು. ಕೊನೆಗೆ ಯಾರನ್ನೂ ಮನೆಗೆ ಕಳಿಸಲಿಲ್ಲ, ಕನ್ನಡ ಕಲಿಯಲು ಎಲ್ಲರಿಗೂ ಸಮಯ ಕೊಟ್ಟರು. ಮಾವನವರು ಮಾಣಿಕ್ಯಕ್ಕೆ ಊದಿನಕಡ್ಡಿ ಬೆಳಗಿದರು.

ಕೆಲವು ವರ್ಷದ ಮೇಲೆ, ಮಾವನವರು ಎಣಿಸಿದ್ದಕ್ಕಿಂತ ಎರಡು ವರ್ಷ ಮೊದಲೇ, ನಿವೃತ್ತಿಯ ಕಾಗದ ಬಂತು. ಆಗ ನಾದಿನಿ ಶರಣಮ್ಮ ಶಾಲೆಯ ಬಾಯಿ, ಅಂದರೆ ಶಿಕ್ಷಕಿ, ಆಗಬೇಕೆಂದು ಕಲಬುರಗಿಯಲ್ಲಿ ಟ್ರೇನಿಂಗಿಗೆ ಸೇರಿದ್ದಳು. ಇನ್ನು ಓದಿಸಲಾಗದು ಎಂದು ಬಿಡಿಸಿ ಕರೆತಂದು, ಶಿರವಾಳಕ್ಕೆ ಮದುವೆ ಮಾಡಿ ಕೊಟ್ಟರು. ಅವಳ ಟ್ರಂಕು ಅಂಗಳದಲ್ಲಿ ಇಳಿದ ದಿನ ಮಾವನವರು ಮೊದಲ ಸಲ ನೇರವಾಗಿ ನನ್ನ ಮುಖ ನೋಡಿ ಕೇಳಿದರು.

"ನಿನಗ ಲೆಕ್ಕ ಬರ್ತಿತ್ತಲ್ಲವ್ವ. ಅವತ್ತ ಯಾಕ ಹೇಳಲಿಲ್ಲ?"

"ನಿಮ್ಮ ಮುಂದ ನಾ ಹೆಂಗ ಮಾತಾಡ್ಲಿರಿ?" ಎಂದೆ.

ಅವರು ತಲೆ ತಗ್ಗಿಸಿದರು. "ಖರೆ ಅದವ್ವ. ತಪ್ಪು ನಮ್ಮ ರಿವಾಜಿಂದು."

ಇದನ್ನು ಎಷ್ಟೋ ಸಲ ಎಷ್ಟೋ ಜನರಿಗೆ ಹೇಳಿದ್ದೇನೆ. ಎಲ್ಲರೂ ಹರಳಿಗೆ ನಕ್ಕು, ರಿವಾಜಿಗೆ ಬೈದು ಎದ್ದುಹೋಗಿದ್ದಾರೆ. ಸುನೀತಾ ನಗಲಿಲ್ಲ.

"ನಿಮ್ಮತ್ತಿ ನಡುವ ಕುಂತಿದ್ರಲ್ರಿ ಅಜ್ಜಿ. ಅವರ ಕಿವ್ಯಾಗ ಹೇಳಬಹುದಿತ್ತಲ್ರಿ?"

ಹೇಳಬಹುದಿತ್ತು. ಅವರಿಬ್ಬರೂ ನಾನು ಬರೆಯುವ ಕೈಯನ್ನೇ ನೋಡುತ್ತ ಕೂತಿದ್ದರು. ಆದರೆ ಬಂದ ದಿನದಿಂದ ನನ್ನ ಸೀಮೆಯ ಮಾತಿಗೆ ನಕ್ಕಿದ್ದ ಮನೆ ಒಮ್ಮೆಯಾದರೂ ಎಡವಿ ಬೀಳಲಿ ಎಂದು ನನಗೆ ಆಸೆಯಿತ್ತು. ಸುನೀತಾಗೆ ಅಷ್ಟನ್ನೂ ಹೇಳಿದೆ. ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ನಾಚಿಕೆಯಾಯಿತು.

"ಶರಣಮ್ಮ ಅಜ್ಜಿಗೂ ಹೇಳ್ತೀರೇನ್ರಿ?" ಎಂದಳು. ಹೂಂ ಎಂದೆ. ನಾಳೆ ಬೆಳಿಗ್ಗೆ ಶಿರವಾಳಕ್ಕೆ ಹೊರಟಿದ್ದೇವೆ. ಶರಣಮ್ಮನಿಗೆ ಈಗ ಕಿವಿ ಕೇಳಿಸುವುದಿಲ್ಲ. ಓಣಿಗೆಲ್ಲ ಕೇಳುವಂತೆ ಕೂಗಿ ಹೇಳಬೇಕು.