ನಾನೊಬ್ಬಳೇ ಇದ್ದೆ

ಸುಳ್ಳು ಬರೆಯಲು ಹೇಳುವಾಗಲೂ ಮೇಲ್ವಿಚಾರಕರು ನನ್ನ ಮುಂದೆ ಸೊಂಟ ಬಾಗಿಸಿ ನಮಸ್ಕರಿಸಿದರು. ಅದನ್ನು ಕಂಡೇ ನನಗೆ ಅಂಜಿಕೆಯಾಯಿತು.

ನೇಸರಗಿಯಿಂದ ಜಪಾನಿನ ಈ ಸಣ್ಣ ಊರಿಗೆ ಬಂದು, ವೃದ್ಧಾಶ್ರಮವೊಂದರಲ್ಲಿ ಆರೈಕೆಯ ಕೆಲಸಕ್ಕೆ ಸೇರಿ ಎರಡು ವರ್ಷವಾಯಿತು. ಒಂದೂ ವಾಹನವಿಲ್ಲದ ರಸ್ತೆಯಲ್ಲಿ ಇಲ್ಲಿನ ಜನ ಹಸಿರು ದೀಪಕ್ಕಾಗಿ ಕಾಯುತ್ತಾರೆ. ನಮ್ಮ ಕಡೆಯ ಕಚೇರಿಗಳಲ್ಲಿ “ಚಾಕ್ಕ ಏನರ ನೋಡ್ರಿ” ಎಂದು ಲಂಚ ಕೇಳುವುದನ್ನು ಕಂಡು ಬೆಳೆದವಳು ನಾನು. ಇಲ್ಲಿನ ಪುರಸಭೆಯ ಗುಮಾಸ್ತೆ ತಾನೇ ಎದ್ದು ಬಂದು ನನ್ನ ಅರ್ಜಿ ತುಂಬಿಕೊಟ್ಟ ದಿನ ಕಣ್ಣು ತುಂಬಿ ಬಂದಿತ್ತು.

ಆ ಬೆಳಿಗ್ಗೆ ಸ್ನಾನದ ಮನೆಯಲ್ಲಿ ಹಾರು ಎಂಬ ಅಜ್ಜಿ ನನ್ನ ಕೈಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಸ್ನಾನ ಮಾಡಿಸಲು ಇಬ್ಬರಿರಬೇಕೆಂಬುದು ನಿಯಮ. ಜನ ಸಾಲದೆ ಮೇಲ್ವಿಚಾರಕರು ನನ್ನೊಬ್ಬಳನ್ನೇ ಕಳಿಸಿದ್ದರು. ಈಗ ವರದಿಯಲ್ಲಿ ‘ಇಬ್ಬರಿದ್ದೆವು’ ಎಂದು ಬರೆದು ನಾನು ಹಂಕೊ ಒತ್ತಬೇಕಂತೆ. ಹಂಕೊ ಎಂದರೆ ಹೆಸರು ಕೆತ್ತಿದ ಪುಟ್ಟ ಮುದ್ರೆ. ಇಲ್ಲಿ ಸಹಿಗೆ ಸಮ.

“ಎಲ್ಲರಿಗೂ ತೊಂದರೆಯಾಗುತ್ತದೆ. ನಿಮ್ಮ ಕರಾರೂ ಮುಂದಿನ ತಿಂಗಳು ಮುಗಿಯುತ್ತದಲ್ಲವೇ?” ಎಂದರು ಮೇಲ್ವಿಚಾರಕರು, ತುಂಬ ಮೆಲ್ಲಗೆ.

ಕರಾರು ಹೋದರೆ ವೀಸಾ ಹೋಗುತ್ತದೆ. ಊಟದ ಬಿಡುವಿನಲ್ಲಿ ಬೈಲಹೊಂಗಲದಲ್ಲಿರುವ ಅಣ್ಣನಿಗೆ ಫೋನ್ ಮಾಡಿದೆ.

“ಬರದ ಕೊಟ್ಟಬಿಡವಾ. ಅವ್ರ ಊರಾಗ ಅವ್ರನ್ನ ಎದುರ ಹಾಕ್ಕೊಂಡು ಹೆಂಗ ಬದಕ್ತಿ?”

“ಅಜ್ಜಿ ಮಗಾ ಬಂದು, ಹೆಂಗ ಬಿದ್ರು ಅಂತ ಕೇಳಿದ್ರ ಏನ್ ಹೇಳ್ಲಿ ಅಣ್ಣಾ?”

“ನನಗ ಅಂಜಿಕಿ ಬರಾಕತ್ತೇತಿ. ನಿನಗ ತಿಳದಂಗ ಮಾಡು” ಎಂದ.

‘ನಾನೊಬ್ಬಳೇ ಇದ್ದೆ’ ಎಂದು ಬರೆದೆ. ಕೆಳಗೆ ಹಂಕೊ ಒತ್ತಿದೆ. ಮೇಲ್ವಿಚಾರಕರು ಓದಿ, “ಅರ್ಥವಾಯಿತು” ಎಂದಷ್ಟೇ ಹೇಳಿದರು.

ಯಾರೂ ಬೈಯಲಿಲ್ಲ. ದಿನವೂ ನಗುತ್ತಲೇ ವಂದಿಸುತ್ತಾರೆ. ಊಟದ ಮೇಜಿನಲ್ಲಿ ನನ್ನ ಪಕ್ಕಕ್ಕೆ ಮಾತ್ರ ಯಾರೂ ಕೂರುವುದಿಲ್ಲ. ನಮ್ಮೂರಲ್ಲಾದರೆ ನಾಲ್ಕು ಜನರೆದುರು ಜಗಳವಾಗಿ, ನನ್ನ ಮೇಲೆ ಸಿಟ್ಟು ಯಾರಿಗೆಂದು ಗೊತ್ತಾಗುತ್ತಿತ್ತು. ಇಲ್ಲಿ ಪ್ರತಿ ನಗುವಿನ ಹಿಂದೆಯೂ ಸಿಟ್ಟಿದೆಯೇ ಎಂದು ಹುಡುಕುತ್ತೇನೆ.

ಅಜ್ಜಿಯ ಮಗ ಬಂದಾಗ ನನಗೆ ಬರುವ ಹರಕು ಜಪಾನಿಯಲ್ಲಿ ನಡೆದದ್ದನ್ನು ಹೇಳಿ ಕ್ಷಮೆ ಕೇಳಿದೆ. ಅವರು ಅತ್ತರು. ಕರಾರು ಮುಂದುವರಿಯಿತು, ಒಂದು ವರ್ಷಕ್ಕಲ್ಲ, ಆರೇ ತಿಂಗಳಿಗೆ. ಕಾರಣ ಹೇಳಲಿಲ್ಲ.

“ಬಂದಬಿಡು. ಇಲ್ಲೇ ದವಾಖಾನಿಯೊಳಗ ಕೆಲಸ ನೋಡೂಣು” ಎಂದ ಅಣ್ಣ.

“ಅಲ್ಲರ ಖರೇ ಬರಿಯಾಕ ಬಿಡ್ತಾರೇನಣ್ಣಾ?”

ಅಲ್ಲಿಯೋ ಇಲ್ಲಿಯೋ, ಎಲ್ಲಿದ್ದು ಅಂಜುವುದು ನನಗೆ ಸುಲಭ ಎಂಬುದೇ ಈಗ ತಿಳಿಯುತ್ತಿಲ್ಲ.